ಉದುರುವವರ ಪರವಾಗಿ

ಬೇಸಿಗೆ ಕಾಲಿಟ್ಟರೆ ಗೋಕಾಕ, ಮೂಡಲಗಿ, ಹುಕ್ಕೇರಿಯ ಮನೆಗಳಲ್ಲಿ ಎರಡೇ ದೂರು: ನಳದಲ್ಲಿ ನೀರು ಬರುವುದಿಲ್ಲ, ನಾಯಿಯ ಕೂದಲು ನಿಲ್ಲುವುದಿಲ್ಲ. ಮೊದಲನೆಯದಕ್ಕೆ ಉತ್ತರ ಕೊಡುವವರು ಸಿಗುವುದು ಕಷ್ಟ. ಎರಡನೆಯದರ ಆರೋಪಿ ಮಾತ್ರ ಎಲ್ಲೆಲ್ಲೂ ಇದ್ದಾರೆ; ಸೋಫಾದ ಮೂಲೆಯಲ್ಲಿ, ಮದುವೆಗೆಂದು ಇಸ್ತ್ರಿ ಮಾಡಿಟ್ಟ ಕರಿ ಕೋಟಿನ ಮೇಲೆ, ಕರದಂಟಿನ ಡಬ್ಬಿಯ ಅಂಟಿನಲ್ಲಿ. ಪಮೇರಿಯನ್, ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ಹಸ್ಕಿಗಳ ಮೈಯಲ್ಲಿ ಖಾಯಂ ವಾಸವಿರುವ ಶ್ರೀಯುತ ಒಳಗೂದಲು ಅವರ ಸಂದರ್ಶನ ಇಲ್ಲಿದೆ.

ನಾಯಿಗೆ ಸೆಕೆಯಾಗುವುದೇ ನಿಮ್ಮಿಂದ, ಅದಕ್ಕೇ ಏಪ್ರಿಲ್‌ನಲ್ಲಿ ಮಷೀನ್ ಹಾಕಿಸಿ ಬೋಳಿಸುತ್ತೇವೆ ಅನ್ನುತ್ತಾರೆ.

ಬಿಸಿಲಿನ ತಪ್ಪಿಗೆ ನನಗೇಕ್ರೀ ಶಿಕ್ಷೆ? ನಿಮ್ಮ ಹಾಗೆ ನಾಯಿ ಮೈಯೆಲ್ಲ ಬೆವರುವುದಿಲ್ಲ. ಅಂಗಾಲಿನ ಮೆತ್ತೆಯಲ್ಲಿ ಒಂದಿಷ್ಟು ಬೆವರು, ಅಷ್ಟೇ. ಉಳಿದ ಶಾಖವನ್ನು ಹೆಚ್ಚಾಗಿ ನಾಲಿಗೆ ಚಾಚಿ ತೇಕಿಯೇ ಹೊರಹಾಕಬೇಕು. ಬೆವರದ ಚರ್ಮವನ್ನು ಬೋಳಿಸಿ ಗಾಳಿಗೊಡ್ಡಿದರೆ ಲಾಭ ಕಡಿಮೆ. ಮೇಲೆ ಒರಟು ಹೊರಗೂದಲು, ಕೆಳಗೆ ನಾನು. ನಮ್ಮ ನಡುವೆ ನಿಂತ ಗಾಳಿ ಚಳಿಯನ್ನು ತಡೆದ ಹಾಗೆ ಬಿಸಿಲನ್ನೂ ತಡೆಯುತ್ತದೆ. ನೆರಳಲ್ಲಿ, ಫ್ಯಾನಿನ ಕೆಳಗೆ ಮಲಗಿದ ನಾಯಿಗೆ ಬೋಳಿಸಿದ್ದರಿಂದ ಚೂರು ಹಾಯೆನಿಸಬಹುದು, ಒಪ್ಪುತ್ತೇನೆ. ಅದೇ ನಾಯಿ ಅಂಗಳಕ್ಕೆ ಬಂದರೆ ಬೆನ್ನಿನ ಚರ್ಮ ಸುಡುತ್ತದೆ. ಹೋದ ಕೂದಲು ಹಾಗೆಯೇ ಮರಳುತ್ತದೆಂಬ ಖಾತ್ರಿಯೂ ಇಲ್ಲ. ಪಮೇರಿಯನ್, ಹಸ್ಕಿಗಳಲ್ಲಿ ಬೋಳಿಸಿದ ಜಾಗ ತಿಂಗಳುಗಟ್ಟಲೆ ಬೋಳಾಗಿಯೇ ಉಳಿಯುವುದುಂಟು. ಪಶುವೈದ್ಯರಿಗೆ ಇದು ಹೊಸದಲ್ಲ. ಆಪರೇಷನ್ನಿಗೋ ಹುಣ್ಣಿಗೋ ಅವರೇ ಬೋಳಿಸಿದರೆ ನನ್ನ ತಕರಾರಿಲ್ಲ. ಸೋಫಾ ಸ್ವಚ್ಛವಿರಲೆಂದು ಬೋಳಿಸಿ, ‘ಪಾಪ, ಅದಕ್ಕೆ ಸೆಕೆ’ ಎಂದು ನಾಯಿಯ ಹೆಸರು ಹೇಳುತ್ತೀರಲ್ಲ, ಅದಕ್ಕೆ ತಕರಾರು. ಸೋಫಾವೂ ಉಳಿಯುವುದಿಲ್ಲ ಬಿಡಿ. ಬೋಳಿಸಿದ ಮೇಲೂ ಉದುರುತ್ತೇನೆ, ಗಿಡ್ಡವಾಗಿ. ಬಟ್ಟೆಗೆ ಚುಚ್ಚಿಕೊಂಡ ಗಿಡ್ಡ ಕೂದಲನ್ನು ಕೀಳುವುದು ಇನ್ನೂ ಕಷ್ಟ.

ಈ ಸೀಮೆಯ ಕುರುಬರು ವರ್ಷಕ್ಕೆರಡು ಸಲ ಕುರಿಯ ಉಣ್ಣೆ ಕತ್ತರಿಸುತ್ತಾರೆ. ಕುರಿಗಿಲ್ಲದ ತೊಂದರೆ ನಾಯಿಗೇಕೆ?

ಕುರಿಯ ಉಣ್ಣೆ ಬೆಳೆಯುತ್ತಲೇ ಇರುತ್ತದೆ, ಕತ್ತರಿಸದಿದ್ದರೆ ಕುರಿಗೇ ಭಾರ. ಕತ್ತರಿಸಿದ್ದು ನೂಲಾಗಿ, ಹುಣಸೆ ಬೀಜದ ಗಂಜಿ ಕುಡಿದು, ಕಂಬಳಿಯಾಗಿ ದೇವರ ಗದ್ದಿಗೆಗೂ ಏರುತ್ತದೆ. ನಾನು ಒಂದು ಅಳತೆಗೆ ಬೆಳೆದು ನಿಂತು, ಉದುರಿ, ಮತ್ತೆ ಹುಟ್ಟುವವನು. ಕೆನಡಾದ ಪಶ್ಚಿಮ ಕರಾವಳಿಯ ಸೇಲಿಶ್ ಜನ ನಾಯಿಯನ್ನೇ ಕುರಿಯಂತೆ ಕತ್ತರಿಸಿ ಕಂಬಳಿ ನೇಯುತ್ತಿದ್ದರಲ್ಲ ಎಂದು ಓದಿಕೊಂಡವರು ಯಾರಾದರೂ ಕೇಳಿಯಾರು. ನಿಜ, ಆದರೆ ಅವರು ಉಣ್ಣೆಗೆಂದೇ ಆ ತಳಿ ಬೆಳೆಸಿ, ಬೇರೆ ನಾಯಿಗಳ ಜೊತೆ ಕೂಡದಂತೆ ದ್ವೀಪಗಳಲ್ಲಿ ಸಾಕಿದ್ದರು. ಆ ತಳಿ ಅಳಿದು ನೂರು ವರ್ಷದ ಮೇಲಾಯಿತು. ನಿಮ್ಮ ಪಮೇರಿಯನ್‌ಗೂ ಅದಕ್ಕೂ ಬಳಗವಿಲ್ಲ.

ಒಂದು ಕಾಲ ನೋಡಿಕೊಂಡಾದರೂ ಉದುರಬಾರದೆ? ಇಲ್ಲಿ ವರ್ಷವಿಡೀ ನಿಮ್ಮದೇ ಸುಗ್ಗಿ.

ನನ್ನ ಪಂಚಾಂಗವೆಂದರೆ ಹಗಲಿನ ಉದ್ದ. ಹಸ್ಕಿಯ ತವರು ಈಶಾನ್ಯ ಸೈಬೀರಿಯ. ಉತ್ತರಕ್ಕೆ ಹೋದಷ್ಟೂ ಅಲ್ಲಿ ಬೇಸಿಗೆಯ ಹಗಲು ಮುಗಿಯುವುದೇ ಇಲ್ಲ, ಚಳಿಗಾಲದ ಹಗಲು ಹೆಸರಿಗಷ್ಟೇ. ಯಾವಾಗ ಉದುರಬೇಕೆಂದು ಅಲ್ಲಿ ಯಾರೂ ಹೇಳಿಕೊಡಬೇಕಿಲ್ಲ. ಗೋಕಾಕದಲ್ಲಿ ಅತಿ ದೊಡ್ಡ ಹಗಲು ಸುಮಾರು 13 ಗಂಟೆ, ಅತಿ ಚಿಕ್ಕದು ಸುಮಾರು 11. ಈ ಎರಡು ಗಂಟೆಯ ಅಂತರದಲ್ಲಿ ಕಾಲ ಗುರುತಿಸುವುದು ಹೇಗೆ? ಅದರ ಮೇಲೆ ಹುಕ್ಕೇರಿಯಲ್ಲಿ 1969ರಿಂದ ಕರೆಂಟ್ ಹಂಚಲು ಸಹಕಾರಿ ಸಂಘವೇ ಇದೆ. ರಾತ್ರಿ ಹನ್ನೊಂದರವರೆಗೆ ಧಾರಾವಾಹಿ ನಡೆಯುವ ಮನೆಯ ದೀಪದಡಿ ಮಲಗಿದ ನಾಯಿಯ ಮೈಗೆ ಇದು ಚೈತ್ರವೋ ಪುಷ್ಯವೋ ಗೊತ್ತಾಗುವುದಿಲ್ಲ. ಹಾಗಾಗಿ ದಿನವೂ ಒಂದಿಷ್ಟು ಉದುರುತ್ತೇನೆ.

ಹಾಗಾದರೆ ಸಾಕಿದವರು ಏನು ಮಾಡಬೇಕು?

ಬಾಚಬೇಕು. ಸ್ನಾನಕ್ಕೆ ಮೊದಲು, ಒಣಗಿದ್ದಾಗಲೇ. ಗಂಟಿದ್ದ ಕೂದಲಿಗೆ ನೀರು ಬಿದ್ದರೆ ಗಂಟು ಬಿಗಿಯುತ್ತದೆ. ಒಂದು ಕೈಯಲ್ಲಿ ತುಪ್ಪಳವನ್ನು ಮೇಲಕ್ಕೆತ್ತಿ ಹಿಡಿದು, ಬೈತಲೆ ತೆಗೆದ ಹಾಗೆ ಚರ್ಮದ ಗೆರೆ ಕಾಣಿಸಿದ ಮೇಲೆ, ಮೊಂಡು ತುದಿಯ ಉದ್ದ ಹಲ್ಲಿನ ಬಾಚಣಿಗೆಯಿಂದ ಬುಡದಿಂದ ಎಳೆಯಬೇಕು. ಮೇಲೆ ಮೇಲೆ ಸವರಿದರೆ ಬೆನ್ನು ಮಿರಿಮಿರಿ ಮಿಂಚುತ್ತದೆ. ಕಿವಿಯ ಹಿಂದೆ, ತೊಡೆಯ ಹಿಂಭಾಗದಲ್ಲಿ, ಬಾಲದ ಬುಡದಲ್ಲಿ ನಾನು ಗಂಟುಕಟ್ಟಿ ಕೂತೇ ಇರುತ್ತೇನೆ. ಅಲ್ಲಿ ಗಾಳಿಯಾಡದು, ಮಳೆಗಾಲದ ತೇವ ಆರದು, ಚರ್ಮ ಕೆಡುತ್ತದೆ. ಸತ್ತ ಕೂದಲು ಹೊರಬಂದರೆ ಉಳಿದ ತುಪ್ಪಳದಲ್ಲಿ ಗಾಳಿಯಾಡುತ್ತದೆ; ನೀವು ಮಷೀನಿಗೆ ದುಡ್ಡು ಕೊಟ್ಟು ಹುಡುಕಿದ ತಂಪು ಇದೇ. ಇದಕ್ಕೆ ಪುರುಸೊತ್ತಿಲ್ಲ ಅನ್ನುವವರೂ ಇದ್ದಾರೆ. ನಾಯಿಯ ಜೊತೆ ಫೋಟೊ ತೆಗೆಸಿಕೊಳ್ಳಲು ಅವರಿಗೆ ಪುರುಸೊತ್ತು ಇರುವುದನ್ನು ನಾನು ಬಲ್ಲೆ. ಎಲ್ಲ ಫೋಟೊದಲ್ಲೂ ನಾನಿರುತ್ತೇನೆ.

ಕೂದಲಿನ ಉಸಾಬರಿಯೇ ಬೇಡ ಅನ್ನುವವರಿಗೆ?

ಗೋಕಾಕದಲ್ಲಿ ಧುಮುಕುವ ಘಟಪ್ರಭೆಯೇ ಮುಂದೆ ಮುಧೋಳಕ್ಕೆ ಹೋಗುತ್ತದೆ. ಅಲ್ಲಿಯ ಬೇಟೆನಾಯಿಗೆ 2005ರಲ್ಲಿ ಅಂಚೆ ಚೀಟಿಯೇ ಬಂತು, ತಿಮ್ಮಾಪುರದಲ್ಲಿ ಸಂಶೋಧನಾ ಕೇಂದ್ರವೂ ಇದೆ. ಗಿಡ್ಡ, ನುಣುಪು ಕೂದಲು. ಅದಕ್ಕೆ ಒದ್ದೆ ಬಟ್ಟೆಯೊಂದಿದ್ದರೆ ಸಾಕು. ಆದರೆ ಆ ನಾಯಿಗೆ ದಿನವೂ ಓಡಲು ಬಯಲು ಬೇಕು.