ಬಿಟ್ಟಿ ರಿಪೇರಿಯ ಬಿಲ್ಲು

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕಿನ ಯಾವ ಊರಿಗೆ ಹೋದರೂ ಇವನೊಬ್ಬ ಇದ್ದೇ ಇರುತ್ತಾನೆ. ಕಸುಬಿನಿಂದ ಮೆಕ್ಯಾನಿಕ್ ಅಲ್ಲ. ಹೈಸ್ಕೂಲ್ ಮೇಷ್ಟ್ರೋ, ಸೊಸೈಟಿ ಗುಮಾಸ್ತನೋ, ಎರಡೆಕರೆ ಕಬ್ಬಿನ ಜೊತೆಗೆ ಗೊಬ್ಬರದಂಗಡಿ ಇಟ್ಟುಕೊಂಡವನೋ ಆಗಿರುತ್ತಾನೆ. ಆದರೆ ಉಗುರುಸಂದಿಯ ಕಪ್ಪು ಯಾವ ಸೋಪಿಗೂ ಬಗ್ಗುವುದಿಲ್ಲ. ಜಗುಲಿಯ ಮೂಲೆಯಲ್ಲಿ, ಅಪ್ಪನ ಕಾಲದಲ್ಲಿ ನೇಗಿಲು ಒರಗಿಸುತ್ತಿದ್ದ ಜಾಗದಲ್ಲಿ, ಈಗ ಜಾಕಿ ಕೂತಿದೆ. ಟೀ ಅಂಗಡಿಯ ಮುಂದೆ ಮಾತಾಡುತ್ತ ನಿಂತವನು ಒಂದು ಕಾರು ಹಾದುಹೋದರೆ ಮಾತು ಅರ್ಧಕ್ಕೇ ಬಿಟ್ಟು ಕಿವಿಗೊಡುತ್ತಾನೆ. "ಹಿಂದ್ಲು ಎಡಗಡೆ ಬೇರಿಂಗ್ ಹೋಗ್ಬುಟ್ಟದೆ" ಎಂದು, ಸಾವಿನ ಮನೆಯಲ್ಲಿ ಮಾತಾಡುವಷ್ಟು ತಗ್ಗಿದ ದನಿಯಲ್ಲಿ ಹೇಳುತ್ತಾನೆ. ಸ್ನೇಹಿತರ, ನೆಂಟರ, ನೆಂಟರ ಸ್ನೇಹಿತರ ಗಾಡಿಗಳೆಲ್ಲ ಭಾನುವಾರ ಇವನ ಮನೆ ಮುಂದೆ ಸಾಲು ನಿಲ್ಲುತ್ತವೆ. ಅವರು ದುಡ್ಡು ಕೊಡುವುದಿಲ್ಲ, ಇವನೂ ಕೇಳುವುದಿಲ್ಲ. ಊರು ಇದನ್ನು ದೊಡ್ಡ ಗುಣ ಅನ್ನುತ್ತದೆ. ನನ್ನ ಲೆಕ್ಕದಲ್ಲಿ ಇವನ ಕಷ್ಟಗಳೆಲ್ಲ ಹುಟ್ಟುವುದು ಆ ಕೇಳದ ದುಡ್ಡಿನಿಂದಲೇ. ಬಿಲ್ಲು ಅಂದರೆ ಕೆಲಸದ ಬೆಲೆ ಎಂದು ನಾವು ತಿಳಿದಿದ್ದೇವೆ. ಅದಕ್ಕಿಂತ ಹೆಚ್ಚಾಗಿ ಅದು ಕೆಲಸ ಮುಗಿಯಿತು ಎನ್ನುವ ಡಂಗುರ. ಬಿಲ್ಲಿಲ್ಲದ ಕೆಲಸ ಮುಗಿಯುವುದೇ ಇಲ್ಲ.

ಶುರುವಾಗುವುದು ಯಾವಾಗಲೂ "ಏನಿಲ್ಲ ಕಣಣ್ಣ, ಸುಮ್ಕೆ ಒಂದ್ಸಲ ನೋಡ್ಬುಡು" ಎಂಬ ಮಾತಿನಿಂದ. ನೋಡಿದರೆ ಆಯಿಲ್ ಕಪ್ಪಗೆ ಕೀಲೆಣ್ಣೆಯ ಹಾಗಾಗಿದೆ. ಬದಲಾಯಿಸುವುದು ಸುಲಭದ ಕೆಲಸ ತಾನೆ? ಇವನು ಹಳೇ ಗೋಣಿಚೀಲ ಹಾಸಿಕೊಂಡು ಗಾಡಿಯಡಿ ತೂರುತ್ತಾನೆ. ಡ್ರೈನ್ ಬೋಲ್ಟು ಬಿಗಿಯಾಗಿದೆ. ಸಣ್ಣ ಕಾರುಗಳಲ್ಲಿ ಆ ಬೋಲ್ಟನ್ನು ಸಾಮಾನ್ಯವಾಗಿ 30ರಿಂದ 40 ನ್ಯೂಟನ್ ಮೀಟರ್‌ನಷ್ಟು ಬಿಗಿದರೆ ಸಾಕು. ಅಳೆಯುವ ಟಾರ್ಕ್ ರೆಂಚ್ ಇವನ ಹತ್ತಿರ ಇಲ್ಲ, ಇರುವುದು ಮುದ್ದೆ ತಿಂದು ಬೆಳೆದ ತೋಳು. ಹಿಂದಿನ ಸಲ ಬಿಗಿದವನದ್ದೂ ಅದೇ ತೋಳು. ಹಾಗಾಗಿ ಬಿಚ್ಚುವಾಗ ಬೋಲ್ಟಿನ ಮೂಲೆ ಸವೆಯುತ್ತದೆ, ಹಾಕುವಾಗ ಅಲ್ಯೂಮಿನಿಯಂ ಸಂಪಿನ ಥ್ರೆಡ್ಡು ಕಿತ್ತು ಬರುತ್ತದೆ. ಒಂದು ವೇಳೆ ಎಲ್ಲ ಸರಿಹೋಯಿತು ಅನ್ನಿ. ಬದಲಾಯಿಸಬೇಕಾದ ಪುಟ್ಟ ವಾಷರ್ ಭಾನುವಾರ ಅಂಗಡಿ ಬಾಗಿಲು ಹಾಕಿದ್ದರಿಂದ ಸಿಗಲಿಲ್ಲ, ಹಳೆಯದೇ ಒಳಗೆ ಹೋಯಿತು. ಮಾರನೆಯ ವಾರ ಸ್ನೇಹಿತನ ಮನೆಯಂಗಳದ ರಂಗೋಲಿಯ ನಡುವೆ ಒಂದು ಕಪ್ಪು ಬೊಟ್ಟು. ಅವನ ಹೆಂಡತಿಗೆ ಅದು ಆಯಿಲ್ ಅಲ್ಲ, ಇವನ ಸಹಿ. ಇದಾದರೂ ಇವನ ತಪ್ಪು ಅನ್ನಬಹುದು. ಮೂರು ತಿಂಗಳ ನಂತರ ಎಡಬಾಗಿಲಿನ ಗಾಜು ಇಳಿಯದೆ ಹೋದಾಗ ಬರುವ ಫೋನನ್ನು ಏನನ್ನೋಣ? "ನೀನ್ ಆಯಿಲ್ ಚೇಂಜ್ ಮಾಡಿದ್ ಮ್ಯಾಲೆ ಕಣಣ್ಣ, ಗ್ಲಾಸ್ ಇಳೀತಿಲ್ಲ." ಎಂಜಿನ್ನಿಗೂ ಬಾಗಿಲ ಗಾಜಿಗೂ ಇರುವ ನಂಟು ಆ ಸ್ನೇಹಿತನಿಗೆ ಮಾತ್ರ ಕಾಣುತ್ತದೆ. ಕಡೆಯಲ್ಲಿ ಮುಟ್ಟಿದವನು ಯಾರೋ ಗಾಡಿಯ ಮುಂದಿನ ಜಾತಕವೆಲ್ಲ ಅವನ ತಲೆಗೆ.

ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರು ಎಂಬ ನಮ್ಮ ಗಾದೆಯಲ್ಲಿ ಇದರ ಅರ್ಧ ವಿವರಣೆ ಇದೆ. ಪುಕ್ಕಟೆ ಬಂದದ್ದನ್ನು ಜನ ಹೆಚ್ಚು ಅಳೆಯುತ್ತಾರೆ. ಉಳಿದರ್ಧ ಬೇಕಿದ್ದರೆ ಕೆ.ಆರ್. ಪೇಟೆ ತಾಲ್ಲೂಕಿನ ಹೇಮಗಿರಿ ದನಗಳ ಜಾತ್ರೆಗೆ ಹೋಗಬೇಕು. ಅಲ್ಲಿ ಕೊಳ್ಳುವವನು ಎತ್ತಿನ ಬಾಯಿ ಬಿಡಿಸಿ ಹಲ್ಲೆಣಿಸುತ್ತಾನೆ, ಸುಳಿ ನೋಡುತ್ತಾನೆ, ನಡೆಸಿ ನೋಡುತ್ತಾನೆ. ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಗಂಟೆಗಟ್ಟಲೆ ಚೌಕಾಸಿ ನಡೆಯುತ್ತದೆ. ದುಡ್ಡು ಎಣಿಸಿಯಾಯಿತು, ಹಗ್ಗ ಕೈ ಬದಲಾಯಿತು ಅಂದರೆ ಮಾತು ಮುಗಿಯಿತು. ಮನೆಗೆ ಹೋದ ಮೇಲೆ ಎತ್ತು ಮಲಗಿದರೆ ಕೊಂಡವನು ತನ್ನ ಕಣ್ಣನ್ನು ಬೈದುಕೊಳ್ಳುತ್ತಾನೆ. ಗ್ಯಾರೇಜಿನಲ್ಲೂ ನಡೆಯುವುದು ಇದೇ. ಜಾಬ್ ಕಾರ್ಡಿನಲ್ಲಿ ಬರೆದಷ್ಟು ಕೆಲಸ, ಬಿಲ್ಲಿನಲ್ಲಿ ಬರೆದಷ್ಟು ಹೊಣೆ, ಗೇಟು ದಾಟಿದರೆ ಹಗ್ಗ ಕೈ ಬದಲಾದ ಹಾಗೆ. ಬಿಟ್ಟಿ ಮೆಕ್ಯಾನಿಕ್ಕಿಗೆ ಮಾತ್ರ ಹಗ್ಗದ ಒಂದು ತುದಿ ಕೈಯಲ್ಲೇ ಉಳಿಯುತ್ತದೆ, ಎತ್ತು ಇನ್ನೊಬ್ಬರ ಹೊಲದಲ್ಲಿ ಮೇಯುತ್ತಿರುತ್ತದೆ.

ಕಾನೂನಿನಲ್ಲಿ ಇವನ ಸ್ಥಾನ ಇನ್ನೂ ಮಜವಾಗಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 'ಸೇವೆ' ಎಂಬುದರಿಂದ ಪುಕ್ಕಟೆ ಮಾಡಿಕೊಟ್ಟ ಕೆಲಸವನ್ನು ಹೊರಗಿಟ್ಟಿದೆ. ಅಂದರೆ ಇವನ ಮೇಲೆ ಮಂಡ್ಯದ ಗ್ರಾಹಕರ ಆಯೋಗಕ್ಕೆ ದೂರು ಕೊಡಲು ಬರುವುದಿಲ್ಲ. ಇದನ್ನು ಕೇಳಿ ಇವನು ಎದೆಯುಬ್ಬಿಸಿಕೊಳ್ಳಬಾರದು. 1872ರ ಕರಾರು ಕಾಯ್ದೆಯ 151ನೇ ಕಲಮು, ಒಪ್ಪಿಸಿದ ವಸ್ತುವನ್ನು ವಿವೇಕವಿರುವ ಮನುಷ್ಯ ತನ್ನ ಸ್ವಂತದ್ದನ್ನು ನೋಡಿಕೊಳ್ಳುವಷ್ಟು ಜೋಪಾನ ಮಾಡಬೇಕು ಅನ್ನುತ್ತದೆ; ಕೂಲಿ ತೆಗೆದುಕೊಂಡೆಯೋ ಇಲ್ಲವೋ ಎಂದು ಕೇಳುವುದಿಲ್ಲ. ಅದೇ ಕಾಯ್ದೆಯ 170ನೇ ಕಲಮು, ಕೂಲಿ ಕೈಸೇರುವ ತನಕ ವಸ್ತುವನ್ನು ಇಟ್ಟುಕೊಳ್ಳುವ ಹಕ್ಕನ್ನು ಕುಶಲಕರ್ಮಿಗೆ ಕೊಡುತ್ತದೆ. ಬರಬೇಕಾದ ಕೂಲಿಯೇ ಇಲ್ಲದವನು ಏನೆಂದು ಹಿಡಿದಿಟ್ಟುಕೊಳ್ಳುತ್ತಾನೆ? ಹೊಣೆಯ ಕಲಮು ತಗುಲುತ್ತದೆ, ಹಕ್ಕಿನ ಕಲಮು ದಕ್ಕುವುದಿಲ್ಲ. ಇನ್ನು ಅಜಾಗರೂಕತೆಯಿಂದ ಯಾರದಾದರೂ ಜೀವ ಹೋದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮು ಐದು ವರ್ಷದವರೆಗಿನ ಜೈಲಿನ ಮಾತಾಡುತ್ತದೆ. ಅಲ್ಲಿ ಸ್ನೇಹಕ್ಕೆ ರಿಯಾಯಿತಿ ಇಲ್ಲ. ಗ್ರಾಹಕರ ಆಯೋಗ ಕೈಬಿಟ್ಟ ಕೇಸೇನೂ ವಜಾ ಆಗುವುದಿಲ್ಲ. ಅರಳಿಕಟ್ಟೆಗೆ ವರ್ಗವಾಗುತ್ತದೆ. ಅಲ್ಲಿ ಫಿರ್ಯಾದಿ, ಸಾಕ್ಷಿ, ನ್ಯಾಯಾಧೀಶ ಎಲ್ಲ ಒಬ್ಬನೇ, ಮತ್ತು ಮೇಲ್ಮನವಿಗೆ ಅವಕಾಶವಿಲ್ಲ.

ನನ್ನ ಈ ಲೆಕ್ಕಕ್ಕೆ ಮೊದಲ ಆಕ್ಷೇಪ ಹಿರಿಯರಿಂದ ಬರುತ್ತದೆ: ಹಳ್ಳಿಯಲ್ಲಿ ಒಬ್ಬರಿಗೊಬ್ಬರು ಆಗುವುದು ಹೊಸದೇನಲ್ಲ, ಎಲ್ಲಕ್ಕೂ ದುಡ್ಡೆಣಿಸುವುದು ಪೇಟೆಯ ಬುದ್ಧಿ. ಚರಿತ್ರೆ ಈ ಮಾತಿನ ಪರ ಇಲ್ಲ. ನಾಟಿಗೆ, ಕೊಯ್ಲಿಗೆ ನಮ್ಮಲ್ಲಿದ್ದದ್ದು ಮುಯ್ಯಾಳು. ಇವತ್ತು ನಿನ್ನ ಗದ್ದೆಯಲ್ಲಿ ನನ್ನ ಮನೆಯ ಎರಡಾಳು ಬಗ್ಗಿದರೆ ನಾಡಿದ್ದು ನನ್ನ ಗದ್ದೆಯಲ್ಲಿ ನಿನ್ನ ಮನೆಯ ಎರಡಾಳು. ಅದು ಉಪಕಾರ ಅಲ್ಲ, ನಾಣ್ಯವಿಲ್ಲದ ಸಾಲ; ತೀರಿಸದವನ ಗದ್ದೆಗೆ ಮುಂದಿನ ವರ್ಷ ಯಾರೂ ಇಳಿಯುತ್ತಿರಲಿಲ್ಲ. ಕಮ್ಮಾರ, ಬಡಗಿ ಮುಂತಾದ ಆಯಗಾರರ ಕತೆಯೂ ಇದೇ. ಕುಳ ಹಣಿಸಿಕೊಂಡ ದಿನ ಕಮ್ಮಾರನಿಗೆ ಕಾಸು ಕೊಡಬೇಕಾಗಿರಲಿಲ್ಲ ನಿಜ, ಆದರೆ ಸುಗ್ಗಿಯಲ್ಲಿ ಕಣದ ರಾಶಿಯಿಂದ ಅವನ ಆಯ ಅಳೆದುಕೊಟ್ಟೇ ಮಿಕ್ಕದ್ದು ಮನೆಗೆ ಹೋಗುತ್ತಿತ್ತು. ಈಗ ಕಂಪನಿಗಳು ವಾರ್ಷಿಕ ನಿರ್ವಹಣೆ ಕರಾರು ಎಂದು ಮಾರುವುದು ಇದನ್ನೇ. ಕಮ್ಮಾರ ವರ್ಷವೆಲ್ಲ ಬಿಟ್ಟಿ ದುಡಿದ ಎಂದು ಹೇಳುವವರು ಕಣದ ಕಡೆ ನೋಡಿಯೇ ಇಲ್ಲ. ಬಿಟ್ಟಿ ಮೆಕ್ಯಾನಿಕ್ಕಿಗೆ ಕಣವೂ ಇಲ್ಲ, ಮುಯ್ಯಾಳೂ ಇಲ್ಲ. ಕ್ಲಚ್ ಪ್ಲೇಟ್ ಹಾಕಿಸಿಕೊಂಡ ಸ್ನೇಹಿತ ಬ್ಯಾಂಕಿನಲ್ಲಿದ್ದಾನೆ. ಮುಯ್ಯಿಗೆ ಇವನ ಕಾರಿನ ಕ್ಲಚ್ಚು ಬಿಚ್ಚುತ್ತಾನೆಯೇ? ಬಿಚ್ಚದಿದ್ದರೆ ಕ್ಷೇಮ. ತೀರಿಸಲಾಗದ ಸಾಲ ಯಾರಿಗೂ ಹಿತವಲ್ಲ. ಸಾಲಗಾರ ನಿಧಾನವಾಗಿ ಸಾಲ ಕೊಟ್ಟವನಲ್ಲೇ ಐಬು ಹುಡುಕತೊಡಗುತ್ತಾನೆ. ಕ್ಲಚ್ಚು ಸ್ವಲ್ಪ ಬಿಗಿ ಎಂದು ಅವನು ಹೇಳಿದ ದಿನ, ಅವನ ಮಟ್ಟಿಗೆ ಸಾಲ ಚುಕ್ತಾ.

ಎರಡನೆಯ ಆಕ್ಷೇಪಕ್ಕೆ ತೂಕ ಹೆಚ್ಚು. ಗ್ಯಾರೇಜಿನವರು ಸುಲಿಯುತ್ತಾರೆ, ಹೋಗದ ಪಾರ್ಟು ಹೋಗಿದೆ ಅನ್ನುತ್ತಾರೆ, ಸ್ನೇಹಿತನಾದರೆ ಸುಳ್ಳು ಹೇಳನು. ನಿಜ, ಹೇಳನು. ಆದರೆ ಸತ್ಯ ಹೇಳುವವನಿಗೆಲ್ಲ ಕೆಲಸ ಬರುತ್ತದೆ ಎಂದೇನಿಲ್ಲ. ಇವನು ಕೈ ಪಳಗಿಸಿಕೊಂಡದ್ದು ಮಾರುತಿ 800ರ ಮೇಲೆ. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದು 2014ರ ಜನವರಿಯಲ್ಲಿ ತಯಾರಿಕೆ ನಿಂತ ಆ 796 ಸಿಸಿ ಗಾಡಿಯಷ್ಟು ಸಾಧುಪ್ರಾಣಿ ಇನ್ನೊಂದಿಲ್ಲ. ಅದರ ಮೊದಮೊದಲ ಗಾಡಿಗಳ ಕಾರ್ಬುರೇಟರನ್ನು ಬಾಯಲ್ಲಿ ಊದಿ ಸರಿಮಾಡಿದವರಿದ್ದಾರೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಗಾಡಿಗಳು ಊದಿದರೆ ಕೇಳುವುದಿಲ್ಲ. ಅಲ್ಲಿ ಸೆನ್ಸರ್ ಹೇಳಿದ್ದನ್ನು ಸ್ಕ್ಯಾನರ್ ಓದಬೇಕು. ಇವನೂ ಆನ್‌ಲೈನಿನಲ್ಲಿ ಅಗ್ಗದ ಸ್ಕ್ಯಾನರ್ ತರಿಸಿದ್ದಾನೆ, ಅದು ಕೋಡು ತೋರಿಸುತ್ತದೆ. ಕೋಡು ತೋರಿಸುವುದು ನೋವಿರುವ ಕಡೆಯನ್ನು, ರೋಗವನ್ನಲ್ಲ. ಇವನು ಆ ಸೆನ್ಸರನ್ನೇ ಬದಲಾಯಿಸುತ್ತಾನೆ, ಎರಡು ದಿನಕ್ಕೆ ಹಳದಿ ದೀಪ ಮತ್ತೆ ಹತ್ತುತ್ತದೆ. ಬೇಕಿಲ್ಲದ ಪಾರ್ಟು ಹಾಕಿದ್ದರಲ್ಲಿ ಗ್ಯಾರೇಜಿಗೂ ಇವನಿಗೂ ವ್ಯತ್ಯಾಸ ಇಷ್ಟೇ: ಅವರು ಲಾಭಕ್ಕೆ ಹಾಕಿದರು, ಇವನು ಪ್ರೀತಿಯಿಂದ ಹಾಕಿದ. ಪಾರ್ಟಿನ ರೇಟು ಎರಡೂ ಕಡೆ ಒಂದೇ.

ಸ್ನೇಹಿತರ ಗಾಡಿ ಓಡುವ ರಸ್ತೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿ ಶ್ರೀರಂಗಪಟ್ಟಣದ ಪಕ್ಕದಲ್ಲೇ ಹಾಯುತ್ತದೆ. ಹಳೇ ರಸ್ತೆಯಲ್ಲಿ ನಲವತ್ತರಲ್ಲಿ ಹೋಗುವಾಗ ಸಡಿಲ ಚಕ್ರ ಗಡಗಡ ಎಂದು ಮುಂಚಿತವಾಗಿ ಹೇಳಿ ಕಳಚುತ್ತಿತ್ತು. ಇಲ್ಲಿ ನೂರರ ವೇಗದಲ್ಲಿ ಅಷ್ಟು ಪುರುಸೊತ್ತು ಯಾರಿಗೂ ಇಲ್ಲ. ಬ್ರೇಕಿನದ್ದು ಇನ್ನೂ ಮೋಸದ ಕತೆ. ಬ್ರೇಕ್ ಆಯಿಲ್ ಗಾಳಿಯಿಂದ ನೀರು ಹೀರುತ್ತದೆ. ಡಾಟ್ 4 ಅನ್ನುವ ದರ್ಜೆಯದ್ದು ಹೊಸದಿದ್ದಾಗ 230 ಡಿಗ್ರಿಗೆ ಮೊದಲು ಕುದಿಯಬಾರದು. ನೀರು ಸೇರಿಕೊಂಡ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಇವನ ಅಟ್ಟದ ಮೇಲೆ ಹೋದ ವರ್ಷ ತೆರೆದ ಅರ್ಧ ಡಬ್ಬಿ ಇದೆ, ಚೆಲ್ಲಲು ಮನಸ್ಸು ಬಾರದೆ ಉಳಿದದ್ದು. ಪಾಂಡವಪುರದ ಸಮತಟ್ಟು ಬೀದಿಯಲ್ಲಿ ಒಂದು ಸುತ್ತು ಹೊಡೆದು ನೋಡಿದರೆ ಬ್ರೇಕು ಬೆಣ್ಣೆ. ವೈರಮುಡಿ ಉತ್ಸವಕ್ಕೆ ಮನೆಮಂದಿಯನ್ನೆಲ್ಲ ತುಂಬಿಕೊಂಡು ಹೋಗಿ ಮೇಲುಕೋಟೆಯ ಬೆಟ್ಟ ಇಳಿಯುವಾಗ, ತಿರುವು ತಿರುವಿಗೂ ಬ್ರೇಕು ಒತ್ತಿ ಬಿಸಿಯಾಗಿ, ಪೈಪಿನೊಳಗಿನ ಆಯಿಲ್ ಆವಿಯಾದರೆ ಪೆಡಲು ಒದ್ದೆ ಮಣ್ಣಿನಲ್ಲಿ ಕಾಲಿಟ್ಟ ಹಾಗೆ ಇಳಿಯುತ್ತದೆ. ಇಲ್ಲಿ ಹಾಸ್ಯ ಮುಂದುವರಿಸಲು ನನಗೆ ಮನಸ್ಸಿಲ್ಲ. ಸ್ಟೆಪ್ನಿ ಬದಲಾಯಿಸಲಿ, ಬಲ್ಬು ಹಾಕಲಿ, ಬ್ಯಾಟರಿಗೆ ವೈರು ಕೊಟ್ಟು ಸ್ಟಾರ್ಟ್ ಮಾಡಿಸಲಿ, ಗ್ಯಾರೇಜಿಗೆ ಜೊತೆಗೆ ಹೋಗಿ ಎಸ್ಟಿಮೇಟು ಓದಿ ಹೇಳಲಿ, ಅದಕ್ಕಿಂತ ದೊಡ್ಡ ಉಪಕಾರ ಇಲ್ಲ. ಬ್ರೇಕು, ಸ್ಟೇರಿಂಗು, ಪೆಟ್ರೋಲ್ ಪೈಪು, ಏರ್‌ಬ್ಯಾಗಿನ ಹಳದಿ ವೈರು, ಇವುಗಳನ್ನು ಸ್ನೇಹಕ್ಕಾಗಿ ಮುಟ್ಟಬಾರದು.

ಹಾಗಾದರೆ ದುಡ್ಡು ತೆಗೆದುಕೊಂಡುಬಿಡಲಿ ಎಂದರೆ ಮೂರನೆಯ ಆಕ್ಷೇಪ ಇವನ ಬಾಯಿಂದಲೇ ಬರುತ್ತದೆ: "ಥೂ, ನಮ್ ಹುಡುಗ್ರ ತಾವ ಕಾಸ್ ಇಸ್ಕೊಳದಾ?" ನಾಗಮಂಗಲದಲ್ಲಿ ಲೋಹದ ವಿಗ್ರಹ ಎರಕ ಹೊಯ್ಯುವವರಿದ್ದಾರೆ, "ಅಣ್ಣ, ಸುಮ್ಕೆ ಒಂದು ಗಣಪತಿ ಹೊಯ್ದ್ಬುಡು" ಎಂದು ಅವರನ್ನು ಯಾವ ಗೆಳೆಯನೂ ಕೇಳುವುದಿಲ್ಲ. ಕೈಕೆಲಸಕ್ಕೆ ಬೆಲೆ ಇದೆ ಎನ್ನುವುದು ಅಲ್ಲಿ ಎಲ್ಲರಿಗೂ ಗೊತ್ತು, ಬಾನೆಟ್ಟಿನ ಹತ್ತಿರ ಬಂದಾಗ ಮರೆತುಹೋಗುತ್ತದೆ. ಅಲ್ಲದೆ, ಲೆಕ್ಕ ಇಟ್ಟರೆ ಪ್ರೀತಿ ಕೆಡುತ್ತದೆ ಎನ್ನಲು ನಮ್ಮವರಿಗೆ ಮುಖವಾದರೂ ಎಲ್ಲಿದೆ? ಯಾವ ಮದುವೆ ಛತ್ರಕ್ಕೆ ಹೋದರೂ ಬಾಗಿಲ ಪಕ್ಕ ಮೇಜು ಹಾಕಿಕೊಂಡು ಒಬ್ಬ ಕೂತಿರುತ್ತಾನೆ, ಮುಂದೆ ಉದ್ದನೆಯ ಮುಯ್ಯಿ ಪುಸ್ತಕ. ಊರು, ಹೆಸರು, ಮೊತ್ತ. ವರ್ಷಗಳಾದ ಮೇಲೂ ಅದನ್ನು ತೆರೆದು, ಅವರು ನಮಗೆ ಎಷ್ಟು ಹಾಕಿದ್ದರು ಎಂದು ನೋಡಿ, ಅದರ ಮೇಲೆ ಒಂದಿಷ್ಟು ಸೇರಿಸಿ ಹಾಕುತ್ತೇವೆ. ಯಾರಿಗೂ ಅವಮಾನ ಆಗಿಲ್ಲ, ಯಾವ ನೆಂಟಸ್ತನವೂ ಮುರಿದಿಲ್ಲ. ಗೆಳೆಯರ ಗಾಡಿಗೂ ಅಂಥದ್ದೊಂದು ಪುಸ್ತಕ ಇಡಬಹುದಿತ್ತು.

ಇವನು ಇಡುವುದಿಲ್ಲ. ಇವನ ಮಗಳ ಮದುವೆಯ ದಿನ ಕ್ಲಚ್ ಪ್ಲೇಟಿನ ಸ್ನೇಹಿತ ಸಂಸಾರಸಮೇತ ಬರುತ್ತಾನೆ. ಪುಸ್ತಕದಲ್ಲಿ 201 ರೂಪಾಯಿ ಬರೆಸುತ್ತಾನೆ, ಅಕ್ಷತೆ ಹಾಕುತ್ತಾನೆ, ಫೋಟೋಕ್ಕೆ ನಿಲ್ಲುತ್ತಾನೆ, ಎರಡನೇ ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತಾನೆ. ಹೆಣ್ಣಿನ ಅಪ್ಪ ಪಂಕ್ತಿಯುದ್ದಕ್ಕೂ "ಸಾವಕಾಶ ಆಗ್ಲಿ, ಪಾಯ್ಸ ಹಾಕುಸ್ಕೊಳಿ" ಎಂದು ಉಪಚಾರ ಹೇಳುತ್ತ ಅವನ ಎಲೆಯ ಮುಂದೆ ಬಂದಾಗ, ಸ್ನೇಹಿತ ಕೈಯಲ್ಲಿದ್ದ ತುತ್ತು ಎಲೆಗೆ ಬಿಟ್ಟು ದನಿ ತಗ್ಗಿಸುತ್ತಾನೆ. "ಅಣ್ಣ, ತಪ್ ತಿಳ್ಕೊಬ್ಯಾಡ. ಊಟ ಆದ್ಮ್ಯಾಲೆ ಒಂದ್ ನಿಮ್ಸ ಆಚ್ಗೆ ಬತ್ತೀಯ? ಸೆಕೆಂಡ್ ಗೇರಲ್ಲಿ ಎಂಥದೋ ಸೌಂಡು." ಧಾರೆಗೆ ಉಟ್ಟ ರೇಷ್ಮೆ ಪಂಚೆಯನ್ನು ಇವನು ಆಗಲೇ ಮೊಣಕಾಲಿನ ತನಕ ಎತ್ತಿ ಕಟ್ಟುತ್ತಿದ್ದಾನೆ.