ಅಟ್ಟದ ವಿಭಜನೆ

(ಬಳ್ಳಾರಿ. ಮನೆ ರಿಪೇರಿ ಮುಗಿದಿದೆ. ಹೊಸ ಟೈಲ್ಸ್ ಮೇಲೆ ಹಳೇ ಸಾಮಾನಿನ ರಾಶಿ.)

ಸೊಸೆ: ಅತ್ತೆ, ಈ ಖಾಲಿ ಪೇಂಟ್ ಬಕೆಟ್ ಗುಜರಿಗೆ ಹಾಕ್ಲಾ?

ಅತ್ತೆ: ಹಾಕಿಗೀಕೀಯೆ! ನಲ್ಲಿ ನೀರು ದಿನಾ ಬರ್ತಾವೇನು?

ಸೊಸೆ: ಜೀನ್ಸ್ ಚಿಂದಿ ಮೂಟೆ?

ಅತ್ತೆ: ಕೌದಿ ಹೊಲಿಸ್ತೀನಿ.

ಸೊಸೆ: ಸಿರುಗುಪ್ಪದ ಸೋನಾ ಮಸೂರಿ ಖಾಲಿ ಚೀಲ?

ಅತ್ತೆ: ಗೋಧಿ ಎಲ್ಲಿ ತುಂಬ್ಲಿ?

ಸೊಸೆ: ಕುರುಗೋಡು ದೊಡ್ಡಬಸವೇಶ್ವರನ ಜಾತ್ರೆಲಿ ತಂದ, ಕಿವಿ ಮುರಿದ ಮಣ್ಣಿನ ಬಸವ?

ಅತ್ತೆ: ದೇವರ್ನ ಯಾರಾದ್ರೂ ತೂಕಕ್ಕೆ ಹಾಕ್ತಾರೇನೇ?

ಮಾವ (ಪೇಪರಿನಿಂದ ತಲೆ ಎತ್ತಿ): 1953ರಾಗ ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದ್ವು. 2021ರಾಗ ಹಂಪಿ, ಹೊಸಪೇಟೆನೂ ವಿಜಯನಗರ ಜಿಲ್ಲೆಗೆ ಬಿಟ್ಟುಕೊಟ್ವಿ. ನಿನಗೊಂದು ಬಕೆಟ್ ಬಿಡಾಕ ಆಗಲ್ಲ!

ಅತ್ತೆ: ಆವಾಗ ನನ್ನ ಕೇಳಿದ್ರೇನು? ಕೇಳಿದ್ರೆ ಹಂಪಿನೂ ಅಟ್ಟದ ಮ್ಯಾಲೆ ಇಡ್ತಿದ್ದೆ.

ಸೊಸೆ: ಹಂಗಾರೆ ಇವತ್ತು ಹೊರಗೆ ಹೋಗೋದೇನು?

ಅತ್ತೆ: ನಿಮ್ಮ ಮಾವನ ಹಳೇ ಪೇಪರ್ ಕಟ್ಟು.

ಮಾವ: ಏಯ್, ಮುಟ್ಟಬ್ಯಾಡ್ರಿ! ಅದು ಇತಿಹಾಸ!

ಗುಜರಿಯವನು (ಬಾಗಿಲಲ್ಲಿ): ಅಮ್ಮಾ, ಏನಾದ್ರೂ ಕೊಡ್ತೀರಾ, ಇಲ್ಲಾ ತಕ್ಕಡಿ ಇಲ್ಲೇ ಇಟ್ಟು ನಾಳೆ ಬರ್ಲಾ?

ಅತ್ತೆ: ಇಡಪ್ಪ, ಅಟ್ಟದಾಗ ಇನ್ನೂ ಜಾಗ ಐತೆ.