ಎರಡು ಒಲೆಯ ಕಡಲತೀರ

ಸಿಡ್ನಿಯಿಂದ ಬ್ರಿಸ್ಬೇನಿಗೆ ವಿಮಾನದಲ್ಲಿ ಒಂದೂವರೆ ಗಂಟೆ. ಕಾರಿನಲ್ಲಾದರೆ ಒಂಬೈನೂರು ಚಿಲ್ಲರೆ ಕಿಲೋಮೀಟರು. ಹಟ ಹಿಡಿದವರು ಬೆಳಗಾಗುತ್ತಲೇ ಹೊರಟು ರಾತ್ರಿ ಊಟಕ್ಕೆ ಮುಟ್ಟಿಬಿಡುತ್ತಾರಂತೆ. ನಮ್ಮ ಮಗಳು ಅಳಿಯ ಮಾತ್ರ 'ಅವಸರ ಬೇಡ, ಕಡಲತೀರದಲ್ಲೇ ಅಲ್ಲಲ್ಲಿ ತಂಗುತ್ತಾ ಹೋಗೋಣ' ಎಂದರು. ಅದರಿಂದಾಗಿ ಹೊರಡುವುದಕ್ಕೇ ಒಂದು ಋತು ಹಿಡಿಯಿತು.

ನಾನು ಬಲ್ಲ ಕರಾವಳಿ ಪ್ರವಾಸದ ಕ್ರಮವೇ ಬೇರೆ. ಕರ್ನಾಟಕದ ಕಡಲತೀರ ಇರುವುದೇ 300 ಕಿಲೋಮೀಟರಿಗಿಂತ ತುಸು ಹೆಚ್ಚು. ಶಿವಮೊಗ್ಗದಲ್ಲಿ ಬಸ್ಸು ಹತ್ತಿ ಘಟ್ಟ ಇಳಿದರೆ ಉಡುಪಿಯಲ್ಲಿ ಮಠದ ಊಟ, ಗೋಕರ್ಣದಲ್ಲಿ ಯಾರೋ ಭಟ್ಟರ ಮನೆಯ ಜಗಲಿ. ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ಅವರು ಕೇಳಿದವರಲ್ಲ, ಬರುತ್ತೇವೆ ಎಂದು ನಾವು ಹೇಳಿದವರೂ ಅಲ್ಲ. ಇಲ್ಲಿ ತಂಗುವುದು ಹಾಲಿಡೇ ಪಾರ್ಕಿನಲ್ಲಿ. ಮಧ್ಯಾಹ್ನ ಎರಡಕ್ಕೆ ಮುಂಚೆ ಒಳಗೆ ಬಿಡುವುದಿಲ್ಲ, ಬೆಳಿಗ್ಗೆ ಹತ್ತರ ಮೇಲೆ ಒಳಗೆ ಇರಗೊಡುವುದಿಲ್ಲ. "ಹಾಗಾದರೆ ಅವರು ಕೊಡೋದು ಇಪ್ಪತ್ತೇ ಗಂಟೆ. ಒಂದು ದಿನದ ದುಡ್ಡು ಯಾಕೆ ಕೊಡಬೇಕು?" ಎಂದಳು ನನ್ನ ಹೆಂಡತಿ. ಐಟಿ ಕಂಪನಿಯಲ್ಲಿ ದೊಡ್ಡ ದೊಡ್ಡ ಲೆಕ್ಕ ಬಿಡಿಸುವ ಅಳಿಯಂದಿರು ನೀರು ಕುಡಿದರು.

ಈ ಪಾರ್ಕುಗಳ ಒಳಗೆ ಒಂದು ಸಣ್ಣ ಬಡಾವಣೆಯೇ ಇರುತ್ತದೆ. ಬೀದಿಗಳು, ಬೀದಿಯಲ್ಲಿ ನಂಬರು ಹಾಕಿದ ಸೈಟುಗಳು. ಕ್ಯಾರವಾನ್ ಎಳೆದುಕೊಂಡು ಬರುವವರಿಗೆ ಕರೆಂಟ್ ಇರುವ ಸೈಟು, ಡೇರೆಯವರಿಗೆ ಕರೆಂಟ್ ಇಲ್ಲದ್ದು, ನಮ್ಮಂಥ ಮಂಡಿನೋವಿನವರಿಗೆ ಕ್ಯಾಬಿನ್ನು. ಸೈಟು ಎಂಬ ಮಾತು ಕಿವಿಗೆ ಬಿದ್ದರೆ ಮೈಸೂರಿನವನಾದ ನಾನು ಒರಗಿದ್ದಲ್ಲಿಂದ ಎದ್ದು ಕೂರುತ್ತೇನೆ. "ಮೂಲೆ ಸೈಟೇ? ಪೂರ್ವಕ್ಕೆ ಮುಖ ಇದೆಯೇ?" ಎಂದು ವಿಚಾರಿಸಿದೆ. ಅಳಿಯಂದಿರು ಭೂಪಟ ತೋರಿಸಿ, "ಮಾವ, ಇಲ್ಲಿ ಇಡೀ ಕರಾವಳಿಯೇ ಪೂರ್ವಕ್ಕೆ ಮುಖ ಮಾಡಿದೆ" ಎಂದರು. ಇಂಥ ವಾಸ್ತುವಿರುವ ದೇಶ ಉದ್ಧಾರವಾಗದೆ ಇನ್ನೇನು!

ಆದರೆ ನಾವು ಹೊರಟದ್ದು ಜನವರಿಯಲ್ಲಿ, ಶಾಲೆಗೆ ರಜೆ ಇರುವಾಗ. ಆಸ್ಟ್ರೇಲಿಯದವರೆಲ್ಲ ಸಮುದ್ರಕ್ಕೆ ಮುಖ ಮಾಡುವ ಕಾಲ ಅದು. ಪ್ರತಿ ವರ್ಷ ಅದೇ ಪಾರ್ಕಿನ ಅದೇ ನಂಬರಿಗೆ ಬರುವ ಮನೆತನಗಳಿವೆಯಂತೆ. ಈ ವರ್ಷ ಗಂಟುಮೂಟೆ ಕಟ್ಟುವಾಗಲೇ ಮುಂದಿನ ವರ್ಷಕ್ಕೆ ಕಾದಿರಿಸಿ ಹೋಗುತ್ತಾರೆ. ಅಲೆಗೆ ಎದುರಾದ ಮೊದಲ ಸಾಲು ಹೀಗೆ ಅಜ್ಜನಿಂದ ಮೊಮ್ಮಗನಿಗೆ ಇಳಿದು ಬರುವ ಉಂಬಳಿ. ಮಿಕ್ಕವರಿಗೆ ಮಿಕ್ಕದ್ದು, ಅದೂ ಇಷ್ಟು ರಾತ್ರಿಗೆ ಕಡಿಮೆ ಕೊಡುವುದಿಲ್ಲ ಎಂಬ ಷರತ್ತಿನ ಮೇಲೆ.

ಅಳಿಯಂದಿರು ಎಕ್ಸೆಲ್ ಹಾಳೆ ತೆರೆದರು. ಮನೆಯವರು ಒಬ್ಬೊಬ್ಬರಾಗಿ ಬಂದು ಅದರಲ್ಲಿ ತಮ್ಮ ತಮ್ಮ ಕಾಲಂ ಹಾಕಿಸಿದರು. ಮೊಮ್ಮಗನ ಕಾಲಂ ಜಂಪಿಂಗ್ ಪಿಲ್ಲೋ, ಅಂದರೆ ಮಕ್ಕಳು ಹತ್ತಿ ಕುಪ್ಪಳಿಸಲು ನೆಲದ ಮೇಲೆ ಗಾಳಿ ತುಂಬಿಟ್ಟ ಆನೆಗಾತ್ರದ ದಿಂಬು. ಮಗಳದು ವಾಷಿಂಗ್ ಮಷೀನು. ಹಾಸಿಗೆಯ ಬಟ್ಟೆ ಅವರು ಕೊಡುತ್ತಾರೋ ನಾವು ಒಯ್ಯಬೇಕೋ ಎಂಬುದೂ ಅವಳದೇ. ದೊಡ್ಡ ಮಂಚಕ್ಕೆ ಹಾಸಿ ಕೊಡುವವರು ಅಟ್ಟದ ಮಂಚಕ್ಕೆ ಕೊಡದಿರುವ ಕ್ರಮವೂ ಕೆಲವು ಕಡೆ ಇದೆ. ಅಟ್ಟದ ಮಂಚದ ಕೆಳಗಿನ ಅಂತಸ್ತು ನನಗೆಂದು ಯಾರೂ ಬಾಯಿಬಿಟ್ಟು ಹೇಳದೆ ತೀರ್ಮಾನವಾಗಿತ್ತು.

ನನ್ನ ಕಾಲಂ ತಿಮಿಂಗಿಲ. ಅದು ಬೇಗ ಖಾಲಿಯಾಯಿತು. ಗೂನುಬೆನ್ನಿನ ತಿಮಿಂಗಿಲಗಳು ಮೇ ತಿಂಗಳ ಹೊತ್ತಿಗೆ ಅಂಟಾರ್ಕ್ಟಿಕದ ಕಡೆಯಿಂದ ಈ ತೀರದ ಗುಂಟ ಉತ್ತರಕ್ಕೆ ಹೊರಟು, ಮರಿ ಹಾಕಿಕೊಂಡು, ನವೆಂಬರಿನೊಳಗೆ ವಾಪಸು ಹೋಗಿಬಿಡುತ್ತವೆ. ಹೋಗುತ್ತಾ ಬರುತ್ತಾ ಇದೇ ದಾರಿ, ಮುಂಗಡ ಕಾದಿರಿಸುವ ತಾಪತ್ರಯವಿಲ್ಲ, ಜನವರಿಯ ದುಬಾರಿ ಬಾಡಿಗೆಯ ಕಾಲಕ್ಕೆ ಒಂದೂ ಇಲ್ಲಿರುವುದಿಲ್ಲ. ಅಷ್ಟು ದೊಡ್ಡ ತಲೆ ಇರುವುದು ಸುಮ್ಮನೆ ಅಲ್ಲ.

ನನ್ನ ಹೆಂಡತಿಯ ಕಾಲಂ ಒಲೆ. ಮಿಕ್ಕೆಲ್ಲ ಕಾಲಮ್ಮುಗಳೂ ಇದಕ್ಕೆ ಅಡ್ಡಬಿದ್ದವು. ಪ್ರತಿ ಪಾರ್ಕಿನಲ್ಲೂ ಎಲ್ಲರಿಗೂ ಸೇರಿದ ಒಂದು ಕ್ಯಾಂಪ್ ಕಿಚನ್ ಇರುತ್ತದೆ, ಬಾರ್ಬೆಕ್ಯೂ ಹಂಚಿರುತ್ತದೆ, ಗುಂಡಿ ಒತ್ತಿದರೆ ಕಾಯುತ್ತದೆ ಎಂದು ಮಗಳು ಉತ್ಸಾಹದಿಂದ ವಿವರಿಸಿದಳು. "ಆ ಹಂಚಿನ ಮೇಲೆ ಬೆಳಿಗ್ಗೆ ಏನು ಬೇಯಿಸಿರ್ತಾರೆ?" ಎಂದಳು ಇವಳು. ಮಗಳು ಸಾಸೇಜ್ ಎನ್ನುವ ಬದಲು "ತರಕಾರಿನೂ ಬೇಯಿಸ್ತಾರಮ್ಮ" ಎಂದಳು. ಆ 'ನೂ' ಸಾಕಾಯಿತು. ಕ್ಯಾಬಿನ್ನಿನೊಳಗೇ ಅಡುಗೆಮನೆ ಇರಬೇಕು, ಒಲೆ ಎರಡಕ್ಕೆ ಕಡಿಮೆ ಇರಬಾರದು, ಇಂಡಕ್ಷನ್ ಆಗಿರಲೇಬಾರದು (ಊರಿನಿಂದ ತಂದ ಅಲ್ಯೂಮಿನಿಯಂ ಕುಕ್ಕರು ಅದರ ಮೇಲೆ ಬಿಸಿಯಾಗುವುದಿಲ್ಲ), ಒಗ್ಗರಣೆಗೆ ಬೆದರಿ ಕೂಗಿಕೊಳ್ಳುವ ಹೊಗೆ ಅಲಾರಂ ಒಲೆಯಿಂದ ದೂರವಿರಬೇಕು. ಮಗಳು ಒಂದೊಂದೇ ಪಾರ್ಕಿಗೆ ಫೋನು ಮಾಡಿದಳು. ಆ ಕಡೆಯ ಹೆಣ್ಣುಮಕ್ಕಳು ಈಜುಕೊಳ, ಸಮುದ್ರದ ನೋಟ, ಸೂರ್ಯೋದಯ ಎಂದು ಶುರುಮಾಡುವರು. ನಮ್ಮವಳು ಪಕ್ಕದಿಂದ "ಒಲೆ ಕೇಳೇ, ಒಲೆ" ಎಂದು ತಿವಿಯುವಳು.

ದಾರಿಯ ವಿಷಯಕ್ಕೆ ಬಂದಾಗ ಇನ್ನೊಂದು ಸಂಗತಿ ತಿಳಿಯಿತು. ಪೆಸಿಫಿಕ್ ಹೆದ್ದಾರಿ ಹೆಸರಿಗೆ ಮಹಾಸಾಗರದ್ದು. ಅದರ ಬಹುಪಾಲು ಉದ್ದಕ್ಕೆ ಕಾಣುವುದು ನೀಲಗಿರಿ ಮರ. 2020ರ ಡಿಸೆಂಬರಿಗೆ ಕ್ವೀನ್ಸ್‌ಲ್ಯಾಂಡ್ ಗಡಿಯವರೆಗೂ ಜೋಡಿರಸ್ತೆ ಪೂರ್ತಿಯಾಗಿ ಬಹುತೇಕ ಊರುಗಳು ಪಕ್ಕಕ್ಕೆ ಸರಿದಿವೆ. ಸಮುದ್ರ ಬೇಕಾದವರು ಹೆದ್ದಾರಿ ಬಿಟ್ಟು ಬಲಕ್ಕೆ ತಿರುಗಬೇಕು. ಮೊಮ್ಮಗ ಪೋರ್ಟ್ ಮಕ್ವಾರಿಯಲ್ಲಿ ತಿರುಗಿಸಿದ. ಅಲ್ಲಿ 1973ರಿಂದ ಕೊಆಲಾಗಳಿಗೇ ಒಂದು ಆಸ್ಪತ್ರೆ ಇದೆ. ಕಾಫ್ಸ್ ಹಾರ್ಬರಿನಲ್ಲಿ 1964ರಲ್ಲಿ ಕಟ್ಟಿದ, ಒಳಗೆ ನಡೆದು ಹೋಗಬಹುದಾದ ಕಾಂಕ್ರೀಟ್ ಬಾಳೆಹಣ್ಣಿದೆ. ನನ್ನ ಹೆಂಡತಿ ಫೋಟೋ ನೋಡಿ, "ಪಚ್ಚಬಾಳೆ ಜಾತಿ. ನಮ್ಮ ನಂಜನಗೂಡು ರಸಬಾಳೆಗೆ ಯಾರಾದರೂ ಹೀಗೆ ಕಟ್ಟಿಸಿದ್ದಾರಾ?" ಎಂದು ನಿಟ್ಟುಸಿರಿಟ್ಟಳು. ಅಲ್ಲಿಂದ ಸ್ವಲ್ಪ ಮುಂದೆ ವೂಲ್‌ಗೂಲ್ಗ. ಬಾಳೆತೋಟಕ್ಕೆ ದುಡಿಯಲು ಬಂದು ತೋಟದ ಒಡೆಯರೇ ಆದ ಪಂಜಾಬಿ ಸಿಖ್ಖರು 1968ರಲ್ಲಿ ಅಲ್ಲೊಂದು ಗುರುದ್ವಾರ ಕಟ್ಟಿದ್ದಾರೆ. ಗುರುದ್ವಾರ ಎಂದ ಕೂಡಲೇ ಇವಳು ಒಲೆಯ ಕಾಲಮ್ಮಿನಲ್ಲಿ ಒಂದು ಮಧ್ಯಾಹ್ನವನ್ನು ಸಡಿಲ ಬಿಟ್ಟಳು.

ಬೈರನ್ ಬೇಯನ್ನು ಮಾತ್ರ ನಾನು ಪಟ್ಟು ಹಿಡಿದು ಸೇರಿಸಿದೆ. ಆಸ್ಟ್ರೇಲಿಯ ಖಂಡದ ಪೂರ್ವದ ಕಟ್ಟಕಡೆಯ ಅಂಚು ಅದು. 1901ರ ಬಿಳಿಯ ದೀಪಸ್ತಂಭವಿದೆ. ಕ್ಯಾಪ್ಟನ್ ಕುಕ್ 1770ರಲ್ಲಿ ಆ ಭೂಶಿರಕ್ಕೆ ಹೆಸರಿಟ್ಟದ್ದು ನಾವಿಕ ಜಾನ್ ಬೈರನ್ನನ ನೆನಪಿಗೆ; ಇವನು ಕವಿ ಬೈರನ್ನನ ಅಜ್ಜ. ಆಮೇಲೆ ಬಂದವರು ಮೊಮ್ಮಗನದೇ ಊರೆಂದು ತಿಳಿದು ಬೀದಿಗಳಿಗೆ ಟೆನಿಸನ್, ಬ್ರೌನಿಂಗ್ ಎಂದೆಲ್ಲ ಹೆಸರಿಟ್ಟುಬಿಟ್ಟರು. ಇಂಥ ಊರಿನಲ್ಲಿ ಒಂದು ರಾತ್ರಿ ಕಳೆಯೋಣ ಎಂದೆ. ಅಳಿಯಂದಿರು ಬಾಡಿಗೆಯ ಅಂಕಿ ತೋರಿಸಿದರು. ಬೈರನ್ ಬೇ ಬೆಳಿಗ್ಗೆ ಹೋಗಿ ಮಧ್ಯಾಹ್ನ ಬರುವ ಜಾಗವಾಯಿತು.

ರಾತ್ರಿಯ ಪ್ರಯಾಣ ಇಲ್ಲವೇ ಇಲ್ಲ ಎಂದು ಅಳಿಯಂದಿರು ಮೊದಲೇ ಹೇಳಿದ್ದರು. ಮುಸ್ಸಂಜೆಗೆ ಕಾಂಗರೂಗಳು ರಸ್ತೆಗೆ ನೆಗೆಯುತ್ತವೆ. ಎಡೆಯಲ್ಲಿ ಎರಡು ಗಂಟೆಗೊಮ್ಮೆ ನಿಲ್ಲಿಸಬೇಕು; ರಜೆಯ ದಿನಗಳಲ್ಲಿ ಸ್ವಯಂಸೇವಕರು ರಸ್ತೆ ಬದಿ ಪುಕ್ಕಟೆ ಟೀ ಬಿಸ್ಕತ್ತು ಕೊಡುತ್ತಾರೆ. ಪುಕ್ಕಟೆ ಎಂಬುದನ್ನು ನನ್ನ ಹೆಂಡತಿ ಎರಡು ಸಲ ಕೇಳಿ ಖಚಿತಪಡಿಸಿಕೊಂಡಳು.

ಎಲ್ಲ ಸುಸೂತ್ರವಾಯಿತು ಎನ್ನುವಾಗ ರಾಹುಕಾಲ ಎದ್ದಿತು. ಗಡಿ ದಾಟುವುದು ಸೋಮವಾರ. ಏಳೂವರೆಯಿಂದ ಒಂಬತ್ತು ರಾಹುಕಾಲ. ಒಂಬತ್ತು ಕಳೆದು ಹೊರಟರಾಯಿತು ಎಂದುಕೊಂಡೆವು. ಆದರೆ ಬೇಸಿಗೆಯಲ್ಲಿ ನ್ಯೂ ಸೌತ್ ವೇಲ್ಸಿನವರು ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ. ಕ್ವೀನ್ಸ್‌ಲ್ಯಾಂಡಿನವರು 1992ರಲ್ಲಿ ಜನಮತ ಹಾಕಿ ಅದನ್ನು ಒಲ್ಲೆ ಎಂದವರು. ಈ ಕಡೆ ಒಂಬತ್ತು ಇಪ್ಪತ್ತಾದರೆ ಗಡಿಯ ಆ ಕಡೆ ಎಂಟು ಇಪ್ಪತ್ತು. ಮುಗಿಸಿ ಬಂದ ರಾಹುಕಾಲದೊಳಕ್ಕೆ ಮತ್ತೆ ಕಾರು ನುಗ್ಗಿಸಿದಂತಾಗುತ್ತದೆ. "ಅತ್ತೆ, ಅದು ಸೂರ್ಯೋದಯದ ಲೆಕ್ಕ, ಗಡಿಯಾರದ್ದಲ್ಲ" ಎಂದು ಅಳಿಯಂದಿರು ವಿನಯದಿಂದ ಹೇಳಿ ನೋಡಿದರು. "ಎರಡು ಸರ್ಕಾರಗಳಿಗೇ ಸೂರ್ಯ ಎಷ್ಟೊತ್ತಿಗೆ ಹುಟ್ಟುತ್ತಾನೆ ಅನ್ನೋದು ತೀರ್ಮಾನವಾಗಿಲ್ಲ, ನಾವು ಯಾಕೆ ಅಪಾಯಕ್ಕೆ ಹೋಗಬೇಕು?" ಎಂದಳು ಅತ್ತೆ. ಚೆಕ್ ಔಟು ಹತ್ತಕ್ಕೆಂದು ಹಾಳೆಯಲ್ಲಿ ಬರೆಯಲಾಯಿತು.

ಕಾರ್ಡು ಕೈಗೆ ತೆಗೆದುಕೊಂಡು ಅಳಿಯಂದಿರು ಕೊನೆಯ ಸಲ ಹಾಳೆಯನ್ನು ಓದಿದರು. ಒಲೆ, ದಿಂಬು, ವಾಷಿಂಗ್ ಮಷೀನು, ಹಾಸಿಗೆ, ರದ್ದು ಮಾಡಿದರೆ ಎಷ್ಟು ವಾಪಸು. ಓದುತ್ತಿದ್ದವರು ನಿಲ್ಲಿಸಿ, "ಸಮುದ್ರ ಎಷ್ಟು ದೂರ ಅಂತ ನೋಡೇ ಇಲ್ವಲ್ಲ" ಎಂದರು. ಕಾಲಂ ಸೇರಿಸಿ ಭೂಪಟದಲ್ಲಿ ಅಳೆದರು. ಒಂದರಲ್ಲಿ ರಸ್ತೆ ದಾಟಿದರೆ ಮರಳು. ಇನ್ನೊಂದರಲ್ಲಿ ಮರಳದಿಬ್ಬ ಹತ್ತಿ ಇಳಿಯಬೇಕು. ಎರಡು ರಾತ್ರಿ ಕಾದಿರಿಸಿದ್ದ, ನನ್ನ ಹೆಂಡತಿ ತಾನೇ ಆರಿಸಿದ್ದ ಪಾರ್ಕು ಒಂದು ನದಿಯ ದಂಡೆಯಲ್ಲಿತ್ತು; ಸಮುದ್ರಕ್ಕೆ ಕಾರಿನಲ್ಲಿ ಹೋಗಬೇಕು.

"ಅತ್ತೆ, ಇದನ್ನ ಬದಲಾಯಿಸೋಣವಾ?"

"ಬೇಡಪ್ಪ," ಎಂದಳು. "ಅಲ್ಲಿ ನಾಲ್ಕು ಒಲೆ ಇದೆ."